ಬಜೆಯಲ್ಲದ ಬೇರು

ಇಂಥ ಕಥೆಯನ್ನು ಬೇರೆ ಯಾರಾದರೂ ಹೇಳಿದ್ದರೆ, ಅಜೀರ್ಣ ಆಗಿರಬೇಕು, ಓಮದ ನೀರು ಕುಡಿಯಿರಿ ಎಂದು ನಗುತ್ತಿದ್ದವನು ನಾನು. ವರ್ಷಗಟ್ಟಲೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನಿಗೆ ಶಕುನ, ಸೂಚನೆ ಎಲ್ಲ ಕಾಗಕ್ಕ ಗುಬ್ಬಕ್ಕನ ಕಥೆ. ಆದ್ದರಿಂದ ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಪುಟ್ಟೇನಹಳ್ಳಿ ಕೆರೆಯ ಸುತ್ತ ನನ್ನ ಜೊತೆ ವಾಕ್ ಮಾಡುವ ನಾಗರಾಜ್ ಕೊಡೈಕೆನಾಲ್ ಕಡೆಯ ಬೆಟ್ಟ ಸುತ್ತಿ ಬಂದವರು, ಅಲ್ಲಿನ ಜೌಗಿನಿಂದ ಎರಡು ಕಾಡುಗಿಡ ಕಿತ್ತು ತಂದು, ಗುರುತಿಸಿ ಅಂದರು. ಕತ್ತಿಯಂಥ ಎಲೆ, ಗೆಣ್ಣುಗೆಣ್ಣಾದ ಬೇರು. ಹೂವಿರಲಿಲ್ಲ. ಬಜೆ ಎಂದುಬಿಟ್ಟೆ. ಬೇರು ಮುರಿದು ಮೂಸಿದರೆ ಬಜೆ ಹೌದೋ ಅಲ್ಲವೋ ಮೊದಲ ವರ್ಷದ ಹುಡುಗರಿಗೂ ಗೊತ್ತಾಗುತ್ತದೆ. ಕೈ ಕೆಸರಾದೀತೆಂದು ನಾನು ಮೂಸಲಿಲ್ಲ. ನಾಗರಾಜರಿಗೆ ಐದು ತಿಂಗಳ ಮೊಮ್ಮಗಳಿದ್ದಳು. ಅಂಗಡಿಯ ಬಜೆಗೆ ಹುಳ ಹಿಡಿದಿರುತ್ತದೆ, ಇದನ್ನು ಒಣಗಿಸಿ ತೇಯ್ದು ನಾಲಿಗೆಗೆ ಹಚ್ಚಿದರೆ ಕೂಸಿಗೆ ಮಾತು ಸ್ಪಷ್ಟವಾಗಿ ಬರುತ್ತದೆ ಎಂದು ಖುಷಿಯಾಗಿ ಒಂದನ್ನು ಒಯ್ದರು. ಇನ್ನೊಂದನ್ನು ನಾನು ಒತ್ತಿ ಒಣಗಿಸಿಡಲು ಹಳೇ ಪೇಪರಿನ ಮಧ್ಯೆ ಇಟ್ಟು, ಮೇಲೆ ದಪ್ಪ ಪುಸ್ತಕಗಳನ್ನು ಹೇರಿದೆ.

ನಾಲ್ಕನೇ ದಿನ ಬೆಳಿಗ್ಗೆ ಜಯನಗರದ ನಮ್ಮ ಮನೆಯಲ್ಲಿ ತಿಂಡಿಗೆ ಕೂತಿದ್ದಾಗ ಗಪ್ಪನೆ ನಾತ ಹೊಡೆಯಿತು. ಇಲಿ ಸತ್ತು ಕೊಳೆತ ನಾತ, ಜೊತೆಗೆ ಒಡೆದ ಹಾಲಿನ ಹುಳಿ. ಬಾಯಲ್ಲಿದ್ದ ಉಪ್ಪಿಟ್ಟು ಉಗಿದೆ. ಫ್ರಿಡ್ಜ್ ಹಿಂದೆ, ಮಂಚದ ಕೆಳಗೆ ಎಲ್ಲ ಹುಡುಕಿದೆ. ನನ್ನ ಹೆಂಡತಿಗೆ ಯಾವ ವಾಸನೆಯೂ ಇಲ್ಲ! ನಿಮ್ಮ ಮೂಗಿಗೇನೋ ಬಡಿದಿದೆ ಅಂದಳು. ನಾತ ಬರುತ್ತಿದ್ದದ್ದು ಪುಸ್ತಕದ ಗುಡ್ಡೆಯಿಂದ. ಮೂಗು ಮುಚ್ಚಿಕೊಂಡೇ ಪೇಪರ್ ಬಿಡಿಸಿದೆ. ನಾನು ಎಲೆ ಎಂದುಕೊಂಡಿದ್ದ ಮೊಗ್ಗೊಂದು ಹೂವಾಗಿ ಬಿರಿದು ಚಪ್ಪಟೆಯಾಗಿ ಬಿದ್ದಿತ್ತು. ಅಚ್ಚ ಹಳದಿ, ಮೂರು ದೊಡ್ಡ ಎಸಳು. ಬಜೆಗೆಲ್ಲಿಯ ಇಷ್ಟು ದೊಡ್ಡ ಎಸಳು? ಇದು ಐರಿಸ್ ಕುಟುಂಬದ್ದು. ಇದರ ಬೇರು ವಿಷ.

ಫೋನ್ ಎತ್ತಿದ್ದು ನಾಗರಾಜರ ಹೆಂಡತಿ.

"ಈಗಷ್ಟೇ ತೇಯ್ದೆ ಸಾರ್. ಬೆರಳಲ್ಲೇ ಇದೆ, ಮಗು ಬಾಯೇ ಬಿಡ್ತಿಲ್ಲ."

"ಕೊಡ್ಬೇಡಿ ತಾಯಿ. ಮೊದ್ಲು ಕೈ ತೊಳ್ಕೊಳ್ಳಿ."

ಫೋನ್ ಇಟ್ಟು ಆ ಹೂವನ್ನು ಮೂಸಿದೆ. ಬರೀ ಪೇಪರಿನ ವಾಸನೆ. ಕಿತ್ತ ಗಿಡದ ಮೊಗ್ಗು ಒತ್ತಿಟ್ಟಲ್ಲೇ ಬಿರಿಯುವುದುಂಟು, ಅದಕ್ಕೆ ಕಾರಣ ನಾನೇ ಪಾಠ ಮಾಡಿದ್ದೇನೆ. ಆ ನಾತ ಎಲ್ಲಿಂದ ಬಂತು, ನನ್ನೊಬ್ಬನಿಗೇ ಯಾಕೆ ಬಂತು, ಇವತ್ತಿಗೂ ನನಗೆ ಗೊತ್ತಿಲ್ಲ.

ಸಂಜೆ ಗಂಡ ಹೆಂಡತಿ ಇಬ್ಬರೂ ಮೈಸೂರುಪಾಕು ಹಿಡಿದು ಮನೆಗೆ ಬಂದರು. ನಾಗರಾಜ್ ಕಣ್ಣೊರೆಸಿಕೊಂಡು, "ಕಂಡಕಂಡ ಗಿಡ ಕಿತ್ತು ತಂದಿದ್ದು ನನ್ನ ತಪ್ಪು ಸಾರ್. ನಿಮ್ಮಿಂದ ಮಗು ಉಳೀತು" ಅಂದರು. ಅಲ್ಲ, ತಪ್ಪು ನನ್ನದು ಅನ್ನಬೇಕಿತ್ತು. ಅನ್ನಲಿಲ್ಲ. ಅವರೆದುರೇ ಕೂತು ಒಂದು ತುಂಡು ತಿಂದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.