ಮರದಡಿಗಿಟ್ಟ ಪುಸ್ತಕ, ಗೋಡೆಗೇರಿದ ತಾಯಿ

ಹೆಣ ಕೊಯ್ದು ಹೊಟ್ಟೆ ಹೊರೆದವನು ನಾನು. ಮಲೇಶಿಯಾದ ನಿಲಾಯ್‌ನ ವೈದ್ಯಕೀಯ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಅಂಗರಚನಾಶಾಸ್ತ್ರ ಕಲಿಸಿದ್ದೇನೆ; ಫಾರ್ಮಲಿನ್ ವಾಸನೆ ಹೊಡೆಯುವ ಕೈಯಲ್ಲೇ ಚಹಾ ಕುಡಿದಿದ್ದೇನೆ. ಅಂಥವನಿಗೆ ಒಂದು ಹಳೆಯ ಪ್ರಾರ್ಥನಾ ಪುಸ್ತಕ ಕಂಡು ಹೇಸಿಗೆಯಾಯಿತು. ಆ ಹೇಸಿಗೆಯ ಫಲವನ್ನು ಉಂಡವರು ಬೇರೆಯವರು.

ಪುಸ್ತಕ ಮಾಂಟ್ ಕಿಯಾರಾ ಬಡಾವಣೆಯಲ್ಲಿ ನಮ್ಮ ಎದುರು ಫ್ಲಾಟಿನ ಮುದುಕಿಯದು. ಪೆನಾಂಗಿನಲ್ಲಿ ಹುಟ್ಟಿದ ಯೆಹೂದಿ ಹೆಂಗಸು. ಅಜ್ಜಂದಿರು ಬಾಗ್ದಾದಿನಿಂದ ವ್ಯಾಪಾರಕ್ಕೆ ಬಂದವರು. ಈ ದೇಶದಲ್ಲಿ ನಿಮ್ಮ ಜನ ಎಷ್ಟು ಉಳಿದಿದ್ದಾರೆ ಎಂದು ಕೇಳಿದರೆ, "ನಾನು ಕನ್ನಡಿ ಮುಂದೆ ನಿಂತರೆ ಇಬ್ಬರು" ಎನ್ನುತ್ತಿದ್ದರು.

ವೃದ್ಧಾಶ್ರಮಕ್ಕೆ ಹೊರಡುವ ವಾರ ಆ ಪುಸ್ತಕದ ಗಂಟನ್ನು ನನ್ನ ಮುಂದಿಟ್ಟರು. ಬೂಷ್ಟು ಹಿಡಿದು ಉಬ್ಬಿತ್ತು. ಬೆನ್ನಿನ ಬಿರುಕಿನಲ್ಲಿ ಜಿರಲೆ ಮೊಟ್ಟೆಗಳು ಸಾಲಾಗಿ ಕೂತಿದ್ದವು. ಒದ್ದೆ ನಾಯಿಗೆ ಹಳಸಿದ ತುಪ್ಪ ಸವರಿದಂಥ ವಾಸನೆ.

"ಡಾಕ್ಟರ್, ಇದರಲ್ಲಿ ದೇವರ ಹೆಸರಿದೆ. ಕಸಕ್ಕೆ ಹಾಕಬೇಡ ಲಾ. ಹರಿದ ಪುಸ್ತಕವನ್ನೂ ನಾವು ಮನುಷ್ಯರ ಹಾಗೆಯೇ ಮಣ್ಣು ಮಾಡುತ್ತೇವೆ. ನೀನೇ ಒಂದು ಒಳ್ಳೆಯ ಜಾಗ ನೋಡು." ಮಾತಿನ ಕೊನೆಗೆ 'ಲಾ' ಅಂಟಿಸುವುದು ಈ ದೇಶದವರ ರೂಢಿ.

ಒಪ್ಪಿಕೊಂಡೆ. ಆದರೆ ಮಾಂಟ್ ಕಿಯಾರಾದಲ್ಲಿ ಮಣ್ಣು ಸಿಗುವುದು ಹೂಕುಂಡದಲ್ಲಿ ಮಾತ್ರ. ಉಡುಪಿಯಲ್ಲಿ ನನ್ನ ತಾಯಿ ಒಡೆದ ದೇವರ ಪಟಗಳನ್ನು ಅಶ್ವತ್ಥಕಟ್ಟೆಯ ಮೇಲಿಟ್ಟು ಕೈಮುಗಿದು ಬರುತ್ತಿದ್ದರು. ನಮ್ಮ ಕಟ್ಟಡದ ಹಿಂದಿನ ರಸ್ತೆಯಲ್ಲೂ ತಮಿಳರ ಪುಟ್ಟ ಗುಡಿ ಇದೆ. ಅದರ ಮರದಡಿ ಗಾಜು ಒಡೆದ ಮುರುಗ, ಮೂಗು ಮುಕ್ಕಾದ ಲಕ್ಷ್ಮಿ, ಸತ್ತವರ ಹಳೆಯ ಫೋಟೋಗಳು ನಿವೃತ್ತಿ ಜೀವನ ನಡೆಸುತ್ತಿವೆ. ಯೆಹೂದಿ ದೇವರೂ ಅಲ್ಲಿ ವಿಶ್ರಮಿಸಲಿ ಎಂದು ಸರ್ವಧರ್ಮ ಸಮನ್ವಯದ ತೀರ್ಪು ಕೊಟ್ಟೆ.

"ಒಂದ್ಸಲ ಬಿಚ್ಚಿ ನೋಡ್ರೀ, ಒಳಗೆ ಏನಾದ್ರೂ ಇಟ್ಟಿರ್ಬಹುದು" ಎಂದಳು ಹೆಂಡತಿ.

"ಜಿರಲೆ ಇದೆ. ಇನ್ನೇನಿರತ್ತೆ?"

ಶಸ್ತ್ರಚಿಕಿತ್ಸೆಯ ಗ್ಲೌಸ್ ಹಾಕಿಕೊಂಡು, ಉಸಿರು ಬಿಗಿಹಿಡಿದು, ಗಂಟನ್ನು ಮರದಡಿ ಇಟ್ಟು ಬಂದೆ.

ಎರಡು ತಿಂಗಳ ಮೇಲೆ ಆಶ್ರಮದಿಂದ ಅವರ ಫೋನು ಬಂತು. "ಡಾಕ್ಟರ್, ಆಲ್ಬಮ್ ಎಲ್ಲ ಹುಡುಕಿದೆ. ಅಮ್ಮನ ಫೋಟೋ ಇಲ್ಲ. ಈಗ ನೆನಪಾಯಿತು, ಆ ಪುಸ್ತಕದ ರಟ್ಟಿನೊಳಗಿಟ್ಟಿದ್ದೆ. ಎಲ್ಲಿ ಹೂತೆ?"

ಫೋಟೋದಲ್ಲಿ ಅಮ್ಮನ ಮಡಿಲಲ್ಲಿ ತಾನು, ಒಂದೇ ಕಾಲಿಗೆ ಬೂಟು. ಅಮ್ಮನದೆಂದು ಇರುವುದು ಅದೊಂದೇ ಪಟವಂತೆ. "ಮುಖ ಹೋದರೆ ಹೋಗಲಿ, ಕಣ್ಣು ಮುಚ್ಚಿದರೆ ಕಾಣುತ್ತದೆ. ಹಿಂದುಗಡೆ ಅಮ್ಮ ತೀರಿಹೋದ ದಿನವನ್ನು ಅಣ್ಣ ಬರೆದಿದ್ದಾನೆ, ನಮ್ಮ ಪಂಚಾಂಗದ ಪ್ರಕಾರ. ಯುದ್ಧಕಾಲ, ಎಲ್ಲಿ ಹೂತರೋ, ಕಲ್ಲೂ ಇಲ್ಲ. ಪ್ರತಿವರ್ಷ ಅಣ್ಣನೇ ಫೋನು ಮಾಡಿ, 'ಇವತ್ತು ದೀಪ ಹಚ್ಚು' ಅನ್ನುತ್ತಿದ್ದ. ಈಗ ಅವನಿಲ್ಲ."

ತಾಯಿಯ ತಿಥಿ! ಅದರ ಬೆಲೆಯನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಓಡಿದೆ. ಮಳೆಗೆ ನೆಂದ ಪುಸ್ತಕ ಮರದಡಿಯೇ ಇತ್ತು, ರಟ್ಟು ಬಾಯಿ ಬಿಟ್ಟಿತ್ತು, ಫೋಟೋ ಇರಲಿಲ್ಲ. "ಕೆಫೆ ಆಳು ವಾರಕ್ಕೊಮ್ಮೆ ಬಂದು ಹಳೇ ಫೋಟೋ ಎಲ್ಲಾ ಎತ್ಕೊಂಡ್ ಹೋಗ್ತಾನೆ ಸಾರ್" ಎಂದ ಗುಡಿಯ ಪೂಜಾರಿ.

ಮುಖ್ಯರಸ್ತೆಯ 'ಪರಂಪರೆ' ಕೆಫೆಯ ಗೋಡೆಯ ತುಂಬ ಕಂಡವರ ಹಿರಿಯರು. ಶೌಚಾಲಯದ ಬಾಣದ ಗುರುತಿನ ಪಕ್ಕದಲ್ಲಿ ಆ ತಾಯಿ, ಮಡಿಲಲ್ಲಿ ಒಂಟಿ ಬೂಟಿನ ಮಗು. ಕೆಳಗೆ ಬಂಗಾರದ ಬಣ್ಣದ ಬರಹ: 'ನಮ್ಮ ಅಜ್ಜಿ. ಹಂದಿಮಾಂಸದ ನೂಡಲ್ಸ್, ಅವಳದೇ ಕೈರುಚಿ.' ಹಂದಿ ನಿಷಿದ್ಧವಾದ ಮತದವಳು, ಬದುಕಿದ್ದಷ್ಟು ದಿನ ಹಂದಿ ಬೆಂದ ಪಾತ್ರೆಯನ್ನೂ ಮುಟ್ಟಿರಲಾರದ ಹೆಂಗಸು. ಅದರ ಕೆಳಗಿನ ಕುರ್ಚಿಯಲ್ಲಿ ಕೂತು ಮ್ಯಾನೇಜರನ್ನು ಕೂಗಿ ಕರೆದೆ.

ಮ್ಯಾನೇಜರ್ ಹುಡುಗನ ಶಾಂತಿ ಮಾತ್ರ ಕದಲಲಿಲ್ಲ. "ಅಂಕಲ್, ಸೀರಿಯಸ್ ಆಗ್ಬೇಡಿ ಲಾ. ಇದು ಕಾನ್ಸೆಪ್ಟ್."

"ಈಕೆ ಯಾರ ಅಜ್ಜಿ?"

"ಎಲ್ಲರ ಅಜ್ಜಿ, ಅಂಕಲ್."

"ನಿನ್ನ ಸ್ವಂತ ಅಜ್ಜಿ ಫೋಟೋ ಎಲ್ಲಿ?"

"ಅದು ಮನೇಲಿದೆ."

"ಇಲ್ಲಿ ಯಾಕೆ ಹಾಕಿಲ್ಲ?"

"ಇಲ್ಲಿ ಎಣ್ಣೆ ಹೊಗೆ ಲಾ, ಹಾಳಾಗತ್ತೆ."

ಪಟ ಕೈಗೆ ಬರುವವರೆಗೆ ಕುರ್ಚಿ ಬಿಟ್ಟೇಳುವುದಿಲ್ಲವೆಂದು ಸಾರಿದೆ. ಊಟದ ಹೊತ್ತು, ಬಾಗಿಲಲ್ಲಿ ಜನ ಸಾಲುಗಟ್ಟಿದ್ದರು, ಪಟ ಕೆಳಗಿಳಿಯಿತು.

ಫೋಟೋವನ್ನು ಪ್ಲೈವುಡ್ಡಿಗೆ ಅಂಟಿನಲ್ಲಿ ಅದ್ದಿದಂತೆ ಮೆತ್ತಿದ್ದರು. ಮೂರು ದಿನ ಸ್ಕಾಲ್ಪೆಲ್ ಹಿಡಿದು ಕೂತು, ನರವೊಂದನ್ನು ಮಾಂಸದಿಂದ ಬಿಡಿಸುವ ಹಾಗೆ, ಹಿಂದಿನಿಂದ ಪದರಪದರವಾಗಿ ಮರ ಹೆರೆದೆ. ಈ ಸಲ ಗ್ಲೌಸ್ ಹಾಕಿಕೊಳ್ಳಲಿಲ್ಲ. ಅಂಟಿನ ಕೆಳಗಿನಿಂದ ಕಂದು ಶಾಯಿಯ ಎರಡು ಸಾಲು ಮೇಲೆದ್ದವು.

ಆಶ್ರಮಕ್ಕೆ ಒಯ್ದೆ. ಮುದುಕಿ ಭೂತಗನ್ನಡಿ ಹಿಡಿದು ಹೀಬ್ರೂ ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿದರು. "ಅಮ್ಮನ ಹೆಸರು. ತಿಂಗಳು ಕಿಸ್ಲೇವ್." ಗಾಜು ಅಲ್ಲೇ ನಿಂತಿತು. ದಿನವನ್ನು ಅಂಟು ತಿಂದಿತ್ತು.

"ಇಡುವಾಗ ಬಿಚ್ಚಿ ನೋಡಲಿಲ್ಲವಾ?"

ಮರ, ಗುಡಿ, ಜಿರಲೆ, ಗ್ಲೌಸ್, ಎಲ್ಲವನ್ನೂ ಒಪ್ಪಿಕೊಂಡೆ. ಅವರು ಫೋಟೋದ ಬೂಟಿಲ್ಲದ ಕಾಲನ್ನು ಬೆರಳಿನಿಂದ ಒರೆಸಿದರು.

"ಸರಿ. ದಿನ ಗೊತ್ತಿಲ್ಲದಿದ್ದರೆ ತಿಂಗಳಿಡೀ ಹಚ್ಚುವುದು. ಇಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ. ನಿನ್ನ ಮನೆಯಲ್ಲಿ ಹಚ್ಚು."

ಮರದಡಿಯ ಪುಸ್ತಕವನ್ನು ಬರಿಗೈಯಲ್ಲೇ ಎತ್ತಿ ಪೆನಾಂಗಿಗೆ ಒಯ್ದು, ಅವರ ಜನರ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದೆ. ಅವರ ತಿಂಗಳೂ ನಮ್ಮದರ ಹಾಗೆಯೇ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಈಗ ಕಿಸ್ಲೇವ್ ಬಂದಿದೆ; ಇವತ್ತು ಹದಿನೇಳನೆಯ ದೀಪ. ಅಡಿಗೆಮನೆಯ ಕಲ್ಲಿನ ಮೇಲೆ, ಎಣ್ಣೆ ಹೊಗೆ ತಾಗದ ಮೂಲೆಯಲ್ಲಿ ಇಟ್ಟಿದ್ದೇವೆ. ಕತ್ತಲಾಗುತ್ತಲೇ ಫೋನು ಬರುತ್ತದೆ.

"ಡಾಕ್ಟರ್, ಹಚ್ಚಿದೆಯಾ?"

"ಹಚ್ಚಿದೆ."

"ಕೈಯಲ್ಲಿ ಹಚ್ಚಿದೆಯೋ, ಗ್ಲೌಸ್ ಹಾಕಿಕೊಂಡೋ?"