ಅಕ್ಕಾರು ಹೊಲಿದ ಪುಟಗಳು

ಅಕ್ಕಾರ ಬಲಗೈ ಹೆಬ್ಬೆರಳಿನ ತುದಿಯ ತುಂಬ ಸೂಜಿ ಚುಚ್ಚಿದ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಉಗುರು ನಡುವೆ ಸೀಳಿತ್ತು. ಆ ಬೆರಳನ್ನು ಪುಸ್ತಕದ ಅಂಚಿನ ಮೇಲೆ ಒಮ್ಮೆ ಎಳೆದರೆ ಸಾಕು, ಯಾವ ಹುಡುಗಿ ಯಾವ ಪುಟ ಬಿಚ್ಚಿ ನೋಡಿದ್ದಾಳೆ ಎಂಬುದು ಅವರಿಗೆ ಗೊತ್ತಾಗಿಬಿಡುತ್ತಿತ್ತು.

ಎಂಬತ್ತರ ದಶಕದಲ್ಲಿ ಅಣ್ಣಿಗೇರಿಯ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲೇ ಅಕ್ಕಾರು ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಗಂಡ ತೀರಿದ ಮೇಲೆ ಹಿಡಿದ ಉದ್ಯೋಗ. ಊರ ಹೆಂಗಸರೆಲ್ಲ ಮುಗಿಬೀಳುತ್ತಿದ್ದುದು ಒಂದೇ ಮಾಲಿಕೆಗೆ. ಅದರ ನಾಯಕಿ ಸತ್ತವಳು. ಗಂಡನ ಮನೆಯವರು ಬಾವಿಗೆ ನೂಕಿದ ಹೆಣ್ಣು ದೆವ್ವವಾಗಿ ಎದ್ದು ಬಂದು, ಊರೂರಿನ ಕೊಲೆಗಾರರನ್ನು ಕುತ್ತಿಗೆ ಹಿಡಿದು ಠಾಣೆಗೆ ಎಳೆದು ತರುತ್ತಿದ್ದಳು. ಠಾಣೆಯ ಫೌಜದಾರನಿಗೆ ಅವಳ ಮೇಲೆ ಜೀವ. ಅವನು ಮುಟ್ಟಿದರೆ ಅವಳ ತಣ್ಣನೆಯ ಮೈ ಬೆಚ್ಚಗಾಗುತ್ತಿತ್ತು. ಆಮೇಲೆ ನಾಲ್ಕು ಪುಟ ಬರೀ ಸೀರೆಯ ಸೆರಗು, ಬಿಸಿಯುಸಿರು, ಬೆವರು. ಆ ನಾಲ್ಕು ಪುಟಕ್ಕಾಗಿಯೇ ಉಳಿದ ಇನ್ನೂರು ಪುಟ ಓದುತ್ತಿದ್ದೆವು, ಸುಳ್ಳೇಕೆ ಹೇಳಲಿ.

ಅಕ್ಕಾರು ಹೊಲಿಯುತ್ತಿದ್ದುದು ಆ ಪುಟಗಳನ್ನೇ. ಬಿಳಿ ದಾರದಿಂದ ಮೂರೂ ಕಡೆ ಹೊಲಿಗೆ ಹಾಕಿ, ಕೊನೆಗೆ ತಮ್ಮದೇ ಆದ ಒಂದು ಗಂಟು ಹಾಕುತ್ತಿದ್ದರು: ಎರಡು ಸುತ್ತು, ಒಂದು ಕುಣಿಕೆ. ಲಗ್ನವಾದವರಿಗೆ ಕೊಡುವಾಗ ದಾರ ಕತ್ತರಿಸುತ್ತಿದ್ದರು. ನಮ್ಮಂಥವರಿಗೆ ಹೊಲಿದದ್ದೇ.

"ನಿಮ್ಮ ಅವ್ವಂದಿರು ನನ್ನ ನಂಬಿ ನಿಮ್ಮನ್ನ ಇಲ್ಲಿ ಕಳಸ್ತಾರ. ದಾರಾ ಹರದ್ರ ಹೋಗೂದು ನಿಮ್ಮ ಮಾನಾ ಅಲ್ಲ, ನಂದು" ಎನ್ನುತ್ತಿದ್ದರು.

ಪುಸ್ತಕ ವಾಪಸು ಬಂದಾಗ ಗಂಟಿನ ಮೇಲೆ ಹೆಬ್ಬೆರಳು ಆಡಿಸುವರು. ಗಂಟು ತಮ್ಮದಲ್ಲ ಎಂದು ಗೊತ್ತಾದರೆ ಅಲ್ಲೇ ಕತ್ತರಿಸಿ, ಪುಟಗಳು ನೆಟ್ಟಗಿವೆಯೋ ಹರಿದಿವೆಯೋ ನೋಡಿ, ಮತ್ತೆ ಹೊಲಿಯುವರು. "ಏನ ಖೋಡಿ, ಫೌಜದಾರ ಛಲೋ ಅದಾನೇನ?" ಎಂದು ಎಲ್ಲರ ಎದುರು ಕೇಳಿ ಮುಖ ಕೆಂಪಾಗಿಸುವರು. ಬೈಗುಳ ಅಷ್ಟೇ. ಆದರೆ ಎರಡು ತಿಂಗಳು ಆ ಹುಡುಗಿಗೆ ಪುಸ್ತಕ ಇಲ್ಲ.

ನನಗೆ ಆಗ ಇಪ್ಪತ್ತು ವರ್ಷ. ಪಿಯುಸಿ ನಪಾಸಾಗಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ಕೈಚಳಕ ಇತ್ತು, ಬುದ್ಧಿ ಇರಲಿಲ್ಲ. ಬ್ಲೇಡಿನಿಂದ ದಾರ ಕತ್ತರಿಸಿ, ಓದಿ, ಮತ್ತೆ ಹೊಲಿದು ಅಕ್ಕಾರ ಗಂಟನ್ನೇ ಹಾಕಿ ಕೊಡುವುದನ್ನು ಕಲಿತಿದ್ದೆ. ಆ ಹೆಬ್ಬೆರಳಿಗೆ ಮೋಸ ಮಾಡಿದವಳು ಊರಲ್ಲಿ ನಾನೊಬ್ಬಳೇ ಎಂದು ಬೀಗುತ್ತಿದ್ದೆ.

ನಮ್ಮ ಬಾಜೂ ಮನೆಗೆ ಶಲವಡಿಯಿಂದ ಒಬ್ಬಳು ಸೊಸೆಯಾಗಿ ಬಂದಿದ್ದಳು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಅವಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ, ತವರಿಗೆ ಒಂದು ಕಾಗದ ಹಾಕಲೂ ಬಿಡುತ್ತಿರಲಿಲ್ಲ. ಪುಸ್ತಕ ಒಂದಕ್ಕೆ ಮಾತ್ರ ಅತ್ತೆ ಒಪ್ಪಿದ್ದಳು, ಅದೂ ಹೊಲಿದದ್ದೇ ಇರಬೇಕೆಂಬ ಕರಾರಿನ ಮೇಲೆ. ಹಿತ್ತಲ ಗೋಡೆಯ ಮೇಲಿಂದ ಪುಸ್ತಕ ಕೊಟ್ಟು ತರುವ ಕೆಲಸ ನನ್ನದು. ಗಂಟು ಬೇರೆಯಾಗಿದ್ದರೆ ಅಕ್ಕಾರು ಅಲ್ಲೇ ಕತ್ತರಿಸಿ ನೋಡುವುದು, ಹುಡುಗಿಯರನ್ನು ಬೈಯುವುದು ಎಲ್ಲವನ್ನೂ ನಾನೇ ಅವಳಿಗೆ ಹೇಳಿ ನಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಪುಸ್ತಕ ದಾಟಿಸುತ್ತ ನನ್ನ ಮುಂಗೈ ಬಿಗಿಯಾಗಿ ಹಿಡಿದಳು. ಅವಳ ಹಿಂದೆ ಬಾಗಿಲಲ್ಲಿ ಅತ್ತೆ ನಿಂತಿದ್ದಳು.

"ಅಕ್ಕಾರ ಕೈಯಾಗ ಕೊಡು. ಇವತ್ತ ಕೊಡು" ಎಂದಳು.

ಮನೆಗೆ ಬಂದು ನೋಡಿದರೆ ಬಿಳಿ ದಾರದ ಜಾಗದಲ್ಲಿ ನೀಲಿ ದಾರ, ಮಕ್ಕಳು ಹಾಕಿದಂಥ ಗಂಟು. ಇವಳೂ ಬಿಚ್ಚಿ ಓದಿದಳಲ್ಲ ಎಂದು ನಗು ಬಂತು. ನನಗೂ ಆ ಪುಟಗಳ ಆಸೆ. ಕತ್ತರಿಸಿದೆ. ಒಳಗೆ ನಾಲ್ಕು ಮಡಿಕೆಯ ಒಂದು ಚೀಟಿ ಇತ್ತು, ಮೇಲೆ ಪೆನ್ಸಿಲ್ಲಿನಲ್ಲಿ "ಅಕ್ಕಾರಿಗೆ" ಎಂದಿತ್ತು. ಮಂದಿಯ ಚೀಟಿ ಓದಬಾರದೆಂಬ ದೊಡ್ಡಸ್ತಿಕೆ ನನಗೆ ಆಗಲೇ ನೆನಪಾಗಬೇಕೆ? ಓದಲಿಲ್ಲ. ಆದರೆ ನೀಲಿ ಗಂಟು ಕಂಡರೆ ಅಕ್ಕಾರು ನನ್ನನ್ನೇ ಹಿಡಿಯುತ್ತಾರೆ, ಎರಡು ತಿಂಗಳು ಪುಸ್ತಕ ಹೋಯಿತು ಎಂದು ಹೆದರಿದೆ. ಮುಂದೆ ಯಾರಿಗಾದರೂ ಕೊಡುವಾಗ ಅಕ್ಕಾರೇ ಕತ್ತರಿಸುತ್ತಾರಲ್ಲ, ಆಗ ಚೀಟಿ ಸಿಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಚೀಟಿಯನ್ನು ಅಲ್ಲೇ ಇಟ್ಟು ಬಿಳಿ ದಾರದಿಂದ ಹೊಲಿದೆ. ಎರಡು ಸುತ್ತು, ಒಂದು ಕುಣಿಕೆ.

ಅಕ್ಕಾರು ಹೆಬ್ಬೆರಳು ಆಡಿಸಿ, "ಶಲವಡಿ ಹುಡುಗಿ ಭಾಳ ಶಾಣ್ಯಾಕಿ ನೋಡು, ಒಂದ ದಾರಾನೂ ಮುಟ್ಟಿಲ್ಲ" ಎಂದು ಪುಸ್ತಕವನ್ನು ಹಲಗೆಯ ಮೇಲಿಟ್ಟರು.

ಎಂಟನೆಯ ದಿನ ಬೆಳಿಗ್ಗೆ ಬಾಜೂ ಮನೆಯಲ್ಲಿ ಚೀರಾಟ ಕೇಳಿತು. ಸ್ಟೋವ್ ಸಿಡಿಯಿತು ಎಂದರು. ಜಮಖಾನೆಯಲ್ಲಿ ಸುತ್ತಿ ಜೀಪಿಗೆ ಹಾಕಿದರು. ಹುಬ್ಬಳ್ಳಿ ಮುಟ್ಟುವುದರೊಳಗೆ ಅವಳು ಹೋಗಿಬಿಟ್ಟಿದ್ದಳು.

ನಾನು ಅಕ್ಕಾರ ಮನೆಗೆ ಓಡಿ ಎಲ್ಲ ಹೇಳಿದೆ. ಅವರು ಕತ್ತರಿಗೆ ಕಾಯಲಿಲ್ಲ, ಬೆರಳಿನಿಂದಲೇ ದಾರ ಹರಿದರು. ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದರು.

"ಅಕ್ಕಾರ, ನಮ್ಮ ಅಪ್ಪಗ ಹೇಳಿ ಕಳಸ್ರಿ. ಅಮಾಸಿ ಒಳಗ ಬಂದು ಕರಕೊಂಡು ಹೋಗಲಿ. ಇವ್ರು ನನ್ನ ಉಳಸೂದಿಲ್ಲ."

ಅಮಾವಾಸ್ಯೆಗೆ ಇನ್ನೂ ಎರಡು ದಿನ ಇತ್ತು. ಅಕ್ಕಾರು ಕಂಡ ಕೂಡಲೇ ಬಿಚ್ಚಲಿ ಎಂದೇ ಅವಳು ನೀಲಿ ದಾರ ಹಾಕಿದ್ದಳು. ಅಕ್ಕಾರು ನನ್ನನ್ನು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿತ್ತು. ಪುಸ್ತಕ, ಚೀಟಿ, ಹರಿದ ದಾರ ಎಲ್ಲವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬರೇ ಠಾಣೆಗೆ ಹೋದರು.

ಕೇಸು ಕೋರ್ಟಿಗೆ ಬರುವಷ್ಟರಲ್ಲಿ ನನ್ನ ಲಗ್ನ ಗೊತ್ತಾಗಿತ್ತು. ಅಕ್ಕಾರು ಒಮ್ಮೆ ನಮ್ಮ ಹಿತ್ತಲಿಗೆ ಬಂದು ಕೇಳಿದರು.

"ಗಂಟು ನೀ ಹಾಕಿದ್ದಂತ ಬಂದು ಹೇಳ್ತೀಯೇನ ತಂಗಿ?"

"ಇಲ್ರಿ ಅಕ್ಕಾರ. ಬೀಗರು ಲಗ್ನಾ ಮುರೀತಾರ್ರಿ" ಎಂದೆ.

"ಆತು" ಎಂದು ಹೊರಟುಹೋದರು. ಎರಡನೆಯ ಸಲ ಕೇಳಲಿಲ್ಲ.

ಕೋರ್ಟಿನಲ್ಲಿ ನಡೆದದ್ದನ್ನು ನೋಡಿ ಬಂದವರು ಹೇಳಿದರು. ಆ ಮನೆಯವರ ವಕೀಲ ಫೌಜದಾರನ ನಾಲ್ಕು ಪುಟಗಳನ್ನು ರಾಗವಾಗಿ ಓದಿ ಎಲ್ಲರನ್ನೂ ನಗಿಸಿದನಂತೆ. ಸೊಸೆಗೆ ಬರೆಯಲು ಬರುತ್ತಿರಲಿಲ್ಲ ಎಂದು ಅತ್ತೆ ಆಣೆ ಮಾಡಿದಳಂತೆ. ಅವಳ ಅಕ್ಷರ ಎಂದು ತೋರಿಸಲು ಬೇರೆ ಒಂದು ಸಾಲೂ ಇರಲಿಲ್ಲ. ಆಮೇಲೆ ವಕೀಲ ಅಕ್ಕಾರನ್ನು ಕೇಳಿದನಂತೆ:

"ಈ ಗಂಟು ನಿಮ್ಮನ್ನ ಬಿಟ್ರ ಯಾರಿಗೂ ಬರಂಗಿಲ್ಲಂತ ಊರೆಲ್ಲಾ ಹೇಳ್ತದ. ಹಂಗಾರ ಚೀಟಿ ಒಳಗ ಇಟ್ಟು ಹೊಲದಾವ್ರು ಯಾರ್ರಿ?"

ನನ್ನ ಹೆಸರು ಅವರ ಬಾಯಲ್ಲೇ ಇತ್ತು. ಅಕ್ಕಾರು ಅದನ್ನು ನುಂಗಿಕೊಂಡು, "ಗಂಟು ನನ್ನದರಿ" ಎಂದರಂತೆ. ಮುಂದೆ ಕೇಳಲು ಏನೂ ಉಳಿಯಲಿಲ್ಲ. ಅವಳ ಗಂಡ, ಅತ್ತೆ ಇಬ್ಬರೂ ಬಿಡುಗಡೆಯಾಗಿ ಮನೆಗೆ ಬಂದರು. ಅವರು ಓಣಿಯಲ್ಲಿ ಪೇಢೆ ಹಂಚಿದರು, ನಮ್ಮ ಮನೆಗೂ ಕೊಟ್ಟರು.

ಸುಳ್ಳು ಚೀಟಿ ಇಟ್ಟವಳು, ಹೊಲಸು ಪುಸ್ತಕದಾಕೆ ಎಂಬ ಹೆಸರು ಅಕ್ಕಾರಿಗೆ ಅಂಟಿತು. ಹೆಂಗಸರನ್ನು ಅವರ ಗಂಡಂದಿರು ಆ ಪಡಸಾಲೆಗೆ ಬಿಡಲಿಲ್ಲ. ಅಕ್ಕಾರು ಒಂದು ದಿನ ಕೂತು ಎಲ್ಲ ಪುಸ್ತಕಗಳ ದಾರಗಳನ್ನೂ ಕತ್ತರಿಸಿದರು. ಮತ್ತೆ ಹೊಲಿಯಲಿಲ್ಲ.

ನಾನು ಮಿಶ್ರಿಕೋಟಿಗೆ ಲಗ್ನವಾಗಿ ಹೋಗಿ, ಮಕ್ಕಳನ್ನು ಹೆತ್ತು, ನಡುವೆ ಕಾದಂಬರಿ ಬರೆಯಲು ತೊಡಗಿದೆ. ನನ್ನ ನಾಯಕಿಯೂ ಸತ್ತವಳೇ, ಪ್ರೀತಿಸುತ್ತಾಳೆ, ಕೊಲೆಗಾರರನ್ನು ಹಿಡಿಯುತ್ತಾಳೆ. ಮೊದಲ ಪುಸ್ತಕ ಹಿಡಿದು ಅಕ್ಕಾರ ಹತ್ತಿರ ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಕಣ್ಣು ಮಂಜಾಗಿತ್ತು. ಹೆಬ್ಬೆರಳಿನ ಚುಕ್ಕೆಗಳು ಮಾಸಿದ್ದವು. ಆದರೂ ಪುಸ್ತಕದ ಅಂಚಿನ ಮೇಲೆ ಬೆರಳು ಆಡಿಸಿದರು.

"ಎಲ್ಲೂ ಹೊಲದಿಲ್ಲಲ್ಲ?"

"ಇಲ್ರಿ."

"ಛಲೋ ಮಾಡ್ದಿ. ನಿನ್ನ ದೆವ್ವ ಯಾರನ್ನ ಹಿಡಿತದ?"

"ಕೊಂದಾವ್ರನ್ನರಿ."

"ಸುಮ್ಮ ಕೂತಾವ್ರನ್ನ?"

ನಾನು ಪುಸ್ತಕವನ್ನು ಅವರ ದಿಂಬಿನ ಪಕ್ಕ ಸರಿಸಿಟ್ಟೆ. ಅಕ್ಕಾರು ನನ್ನ ಕೈ ಮೇಲೆ ಕೈಯಿಟ್ಟು, "ಚಾ ಮಾಡ್ಕೊಂಡು ಕುಡಿ ಹೋಗು" ಎಂದರು. ಅದೇ ತಿಂಗಳು ತೀರಿಕೊಂಡರು. ಆಮೇಲೆ ಎಷ್ಟೋ ಕಾದಂಬರಿ ಬರೆದೆ, ಎಲ್ಲದರಲ್ಲೂ ಕೊಲೆಗಾರ ಸಿಕ್ಕಿಬೀಳುತ್ತಾನೆ. ಗೊತ್ತಿದ್ದೂ ಸುಮ್ಮನೆ ಕೂತ ಪಕ್ಕದ ಮನೆಯ ಹುಡುಗಿಯ ಬಾಗಿಲನ್ನು ನನ್ನ ನಾಯಕಿ ಇನ್ನೂ ಬಡಿದಿಲ್ಲ.