ಅವರ್ಸಾದ ಬೀಜದ ಮುಡಿ

ಅಕ್ಕಿ ಚೀಲದ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸರಿಯಾದ ತುದಿ ಹಿಡಿದರೆ ದಾರ ಸರ್ರನೆ ಬರುತ್ತದಂತೆ. ನನ್ನ ಕೈಗೆ ಸಿಗುವುದು ಯಾವಾಗಲೂ ಇನ್ನೊಂದು ತುದಿ. ಇವತ್ತು ಬೆಳಿಗ್ಗೆಯೂ ಕಾರವಾರದ ನನ್ನ ಬಾಡಿಗೆ ಕೋಣೆಯಲ್ಲಿ ಚೀಲದೊಡನೆ ಹೆಣಗಿ, ಕೊನೆಗೆ ಕತ್ತರಿ ಹಾಕಿದೆ. ಅಕ್ಕಿಯ ಧೂಳು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬೀರಮ್ಮ ನನ್ನನ್ನು ಬೈದದ್ದು ನೆನಪಾಯಿತು. ಒಬ್ಬ ಮನುಷ್ಯ ಜೈಲಿನಿಂದ ಹೊರಬಂದದ್ದು ಆ ಬೈಗುಳದಿಂದ ಎಂದರೆ ನೀವು ನಗಬಾರದು.

ಆಗ ನಾನು ವಕೀಲಿಕೆಗೆ ಹೊಸಬಳು. ಮಾತು ಕಡಿಮೆ, ಅಕ್ಷರ ದುಂಡಗೆ. ಈ ಎರಡು ಗುಣ ನೋಡಿಯೇ ಇರಬೇಕು, ಹಿರಿಯ ವಕೀಲರಾದ ನಮ್ಮ ಸರ್ ನನಗೆ ಒಂದು ಮೇಲ್ಮನವಿಯ ಕಡತ ಒಪ್ಪಿಸಿದರು. ಅವರ್ಸಾದ ರೈತ ಹಮ್ಮಣ್ಣನಿಗೆ ಕೊಲೆ ಮತ್ತು ಸುಲಿಗೆಗಾಗಿ ಜೀವಾವಧಿ ಶಿಕ್ಷೆಯಾಗಿತ್ತು. ಅವನ ಕೇರಿಯಲ್ಲಿ ಒಬ್ಬಳೇ ಇದ್ದ ಮುದುಕಿಯನ್ನು ಯಾರೋ ಕೊಂದು, ಕೊರಳಿನ ಚಿನ್ನದ ಸರ ಕಿತ್ತುಕೊಂಡು ಹೋಗಿದ್ದರು. ಆ ಸರ ಹಮ್ಮಣ್ಣನ ಅಟ್ಟದಲ್ಲಿದ್ದ ಬೀಜದ ಭತ್ತದ ಮುಡಿಯೊಳಗೆ ಸಿಕ್ಕಿತು ಎಂದು ಪೊಲೀಸರ ಪಂಚನಾಮೆ ಹೇಳುತ್ತಿತ್ತು. ಅವನ ವಿರುದ್ಧ ಇದ್ದ ಗಟ್ಟಿ ಸಾಕ್ಷ್ಯ ಅದೊಂದೇ. ಅದರ ಮೇಲೆ ಅವನು ಐದು ವರ್ಷ ಜೈಲಿನಲ್ಲಿ ಕಳೆದಿದ್ದ. ತಾನು ಯಾವ ಸರವನ್ನೂ ತೆಗೆದುಕೊಟ್ಟಿಲ್ಲ ಎಂದು ಅವನು ಹೇಳಿದ್ದನ್ನು ಕೆಳಗಿನ ಕೋರ್ಟು ನಂಬಿರಲಿಲ್ಲ.

ಪಂಚನಾಮೆ ನನಗೆ ಬಾಯಿಪಾಠವಾಗಿತ್ತು. ‘ಆರೋಪಿಯು ಮುಡಿಯ ಬಾಯಿ ಬಿಚ್ಚಿ, ಕೈ ಹಾಕಿ ಸರವನ್ನು ತೆಗೆದು ಹಾಜರುಪಡಿಸಿ, ಪುನಃ ಬಾಯಿ ಕಟ್ಟಿದನು.’ ಎಲ್ಲ ಸೇರಿ ಮುಕ್ಕಾಲು ಗಂಟೆಯ ಕೆಲಸ. ಸಹಿಗಳನ್ನು ತಾಳೆ ನೋಡಿದೆ, ಅಲ್ಪವಿರಾಮಗಳನ್ನೂ ಬಿಡದೆ ಓದಿದೆ. ಒಂದು ತಪ್ಪೂ ಕಾಣಲಿಲ್ಲ. ಮುಡಿ ಎಂದರೆ ಒಂದು ಬಗೆಯ ಚೀಲ ಎಂದುಕೊಂಡಿದ್ದೆ. ನನಗೆ ಚಿನ್ನದ ಪದಕ ಕೊಡುವಾಗ ವಿಶ್ವವಿದ್ಯಾಲಯದವರು ಇದನ್ನೆಲ್ಲ ಕೇಳುವುದಿಲ್ಲ.

ಬೀರಮ್ಮ ಹಮ್ಮಣ್ಣನ ಹೆಂಡತಿ. ವಾರಕ್ಕೊಮ್ಮೆ ಬಸ್ಸು ಹಿಡಿದು ನಮ್ಮ ಕಚೇರಿಗೆ ಬಂದು, ಬೆಂಚಿನ ತುದಿಯಲ್ಲಿ ಕೂತು, "ತಾರೀಕು ಬಂತಾ?" ಎಂದು ಕೇಳಿ ಹೋಗುತ್ತಿದ್ದರು. ಒಂದು ದಿನ ಅವರ ಕಣ್ಣು ನನ್ನ ಮೇಜಿನ ಮೇಲೆ ಕಡತದಲ್ಲಿದ್ದ ಫೋಟೋದ ಮೇಲೆ ಬಿತ್ತು.

"ಇದು ನಮ್ಮ ಮುಡಿ ಅಲ್ದಾ?"

"ಹೌದು. ಸರ ತೆಗೆದ ಮೇಲೆ ಜಪ್ತಿ ಮಾಡಿದಾಗಿನದು."

"ತೆಗ್ದ ಮೇಲಾ?" ಅವರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದ್ನ ಯಾರೂ ಬಿಚ್ಚಲೇ ಇಲ್ಲ. ನಮ್ಮ ಮಾವ ಕಟ್ಟದ್ದು ಹಂಗೇ ಅದೆ."

"ಬಾಯಿ ಬಿಚ್ಚಿ, ಮತ್ತೆ ಕಟ್ಟಿದರಂತೆ."

"ಮುಡಿಗೆ ಬಾಯಿ ಎಲ್ಲದೆ? ಅಕ್ಕೋರೆ, ನೀವು ಅನ್ನ ಉಣ್ಣೂದು ಮಾತ್ರ ಕಲ್ತದ್ದಾ?"

ಆಮೇಲೆ ಶಾಲೆಯ ಮಗುವಿಗೆ ಹೇಳುವಂತೆ ಹೇಳಿದರು. ಹುಲ್ಲು ಹಾಸಿ, ಭತ್ತ ಸುರಿದು, ಸುತ್ತಲೂ ಹುಲ್ಲನ್ನು ಮೇಲೆತ್ತಿ ಹುಲ್ಲಿನ ಹಗ್ಗದಿಂದ ಬಿಗಿಯುತ್ತಾರೆ. ಮರದ ಕೊಡತಿಯಿಂದ ಬಡಿಯುತ್ತಾರೆ, ಮತ್ತೆ ಬಿಗಿಯುತ್ತಾರೆ, ಕಲ್ಲುಗುಂಡಿನ ಹಾಗೆ ಆಗುವವರೆಗೆ. ಬಿತ್ತುವ ದಿನ ಹಗ್ಗ ಕಡಿಯುವುದು, ಅಷ್ಟೇ. ಕಡಿದರೆ ಪೂರ್ತಿ ಬಿಚ್ಚಿಹೋಯಿತು.

"ತಿರ್ಗಿ ಕಟ್ಟೂಕೆ ಹೊಸಾ ಹುಲ್ಲು ಬೇಕು, ಇಬ್ರು ಗಂಡಸ್ರು ಬೇಕು, ಅರ್ಧ ದಿನ ಬೇಕು. ಪೊಲೀಸ್ರೇ ಕೂತ್ಕಂಡು ಕಟ್ಟದ್ರಾ?"

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದೆ.

"ನಂಗೆ ಫೋಟೋ ಯಾರು ತೋರ್ಸದ್ರು? ಅವತ್ತು ನಾ ತೌರಲ್ಲಿದ್ದೆ. ಮುಡೀಲಿ ಸಿಕ್ತು ಅಂದ್ರು. ಕಡ್ದು ತೆಗ್ದಿರ್ಬೇಕು, ಯಾವ ಪಾಪಿ ತಂದಿಟ್ಟನೋ ಅಂತ ಅತ್ಕಂತ ಕೂತೆ."

ಪಂಚನಾಮೆ ಬರೆದವರು ಮುಡಿಯನ್ನೇ ಕಾಣದ ಘಟ್ಟದ ಮೇಲಿನವರಿರಬೇಕು. ಅವರೂ ನನ್ನ ಹಾಗೆಯೇ ಮುಡಿಯನ್ನು ಚೀಲ ಎಂದುಕೊಂಡಿದ್ದರು.

ಧಾರವಾಡದ ಹೈಕೋರ್ಟ್ ಪೀಠದ ಮುಂದೆ ಸರ್ ಆ ಒಂದು ವಾಕ್ಯವನ್ನು ಓದಿ, ಫೋಟೋ ತೋರಿಸಿ, ಮುಡಿ ಕಟ್ಟುವ ಬಗೆ ವಿವರಿಸಿದರು. ನ್ಯಾಯಮೂರ್ತಿಗಳು ಸರ್ಕಾರಿ ವಕೀಲರತ್ತ ನೋಡಿ, "ಇದರ ಬಾಯಿ ಎಲ್ಲಿದೆ, ತೋರಿಸಿ" ಎಂದರು. ವಕೀಲರು ಫೋಟೋವನ್ನು ಅಡ್ಡ ಹಿಡಿದರು, ಉದ್ದ ಹಿಡಿದರು, ತಲೆಕೆಳಗೆ ಹಿಡಿದರು. "ಕಾಣುತ್ತಿಲ್ಲ, ಮಹಾಸ್ವಾಮಿ." ನಗು ತಡೆಯಲಾರದೆ ನಾನು ಮುಖವನ್ನು ಕಡತದಲ್ಲಿ ಹುದುಗಿಸಿಕೊಂಡೆ. ಸರ ಸಿಕ್ಕ ಕಥೆ ನಂಬಲರ್ಹವಲ್ಲ, ಕೂಡಲೇ ಬಿಡುಗಡೆ ಮಾಡಿ, ಮುಡಿಯನ್ನು ಮಾಲೀಕರಿಗೆ ಮರಳಿಸಿ ಎಂದು ತೀರ್ಪಾಯಿತು. ಆ ಮುದುಕಿಯನ್ನು ಕೊಂದವರು ಯಾರೆಂಬ ಪ್ರಶ್ನೆ ಹಾಗೇ ಉಳಿದಿದೆ. ಅದನ್ನು ನಾನು ಮರೆತಿಲ್ಲ.

ತೀರ್ಪು ಬಂದು ವರ್ಷವಾಯಿತು. ಕಾಗದಪತ್ರವೆಲ್ಲ ಮುಗಿದು ಮುಡಿ ಮನೆಗೆ ಬಂದದ್ದು ನಿನ್ನೆ. ಕಕ್ಷಿದಾರರ ಮನೆಗೆ ಹೋಗುವ ಅಭ್ಯಾಸ ನನಗಿಲ್ಲ. ಆದರೂ ಬೀರಮ್ಮ ಕರೆದರೆಂದು ಇವತ್ತು ಮಧ್ಯಾಹ್ನ ಅವರ್ಸಾದಲ್ಲಿ ಬಸ್ಸಿಳಿದೆ.

ಅಂಗಳದ ನಡುವೆ ಮುಡಿ ಇತ್ತು. ಬೇಲಿಯಾಚೆ ಕೇರಿಯವರು. ಆರು ವರ್ಷ ಈ ಮನೆಯವರನ್ನು ಯಾವ ಮದುವೆಗೂ ಕರೆಯದವರು. ಹಮ್ಮಣ್ಣ ಕತ್ತಿಯಿಂದ ಹಗ್ಗಕ್ಕೆ ಹೊಡೆದ. ಮುಡಿ ಒಮ್ಮೆಲೇ ಬಿರಿದು ಭತ್ತ ಅಂಗಳದ ತುಂಬ ಹರಡಿತು. ಮೊಳಕೆಯ ವಯಸ್ಸು ದಾಟಿದ ಭತ್ತ. ಮೊದಲು ಓಡಿ ಬಂದದ್ದು ಕೋಳಿಗಳು.

ಬೀರಮ್ಮ ಸೊಂಟಕ್ಕೆ ಕೈಯಿಟ್ಟು ಬೇಲಿಯತ್ತ ತಿರುಗಿದರು. "ಬನ್ನಿ, ಯಾರಾದ್ರೂ ಬನ್ನಿ! ಇದ್ರ ಬಾಯಿ ಕಟ್ಟಿ ತೋರ್ಸಿ!"

ಗಟ್ಟಿಯಾಗಿ ನಕ್ಕವಳು ನಾನು. ನನ್ನ ನಗು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಆಗ ಬೇಲಿಯಾಚೆಯ ಹಿರಿಯರೊಬ್ಬರು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದರು.

"ನಮ್ಮ ಕೈಲಿ ಆಗೂದಲ್ಲ ಮಾರಾಯಾ. ತಪ್ಪಾಯ್ತು. ಒಳಗೆ ಬರ್ಲಾ, ಹಮ್ಮಣ್ಣಾ?"

ಹಮ್ಮಣ್ಣ ಕತ್ತಿಯನ್ನು ಕೆಳಗಿಟ್ಟ.

"ಬಾ. ಬಾಗ್ಲು ನಾವು ಯಾವತ್ತೂ ಹಾಕಿರ್ಲಿಲ್ಲ."